ಮಧುಗಿರಿಯಲ್ಲಿ ಎರಡು ದಿನ

ನಾಗಲಮಡಿಕೆ
೩-೩-೧೯೬೩, ಭಾನುವಾರ

ಪ್ರೀತಿಯ ಯಜಮಾನರಿಗೆ ನಿಮ್ಮ ಓಬಕ್ಕನ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಿಮ್ಮ ಕಾಲಿನ ಗಾಯ ಪೂರ್ತಿ ಮಾಯಿತೇ? ಬೆಳಗಿನ ಹೊತ್ತು ಈಗಲೂ ಸೆಳೆಯುತ್ತದೆಯೇ? ಹೋದ ಕಾಗದದಲ್ಲಿ ಊಟದ ಬಗ್ಗೆ ಅರ್ಧ ಪುಟ ಬರೆದು ಕಾಲಿನ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ಪೂನಾದ ಆಸ್ಪತ್ರೆಯಲ್ಲಿ ಚಪಾತಿ ಎಷ್ಟು ಗಟ್ಟಿ ಇರುತ್ತದೆ ಎಂದು ತಿಳಿದುಕೊಂಡು ನಾನೇನು ಮಾಡಲಿ? ಅತ್ತೆಯ ಮಂಡಿನೋವು ಹಾಗೇ ಇದೆ. ಮಾವ ಗಟ್ಟಿಯಾಗಿದ್ದಾರೆ. ಹೊಳೆಯಲ್ಲಿ ನೀರಿಲ್ಲ, ಮರಳಿನಲ್ಲಿ ಚಿಲುಮೆ ತೋಡಿ ತರುತ್ತಿದ್ದೇವೆ. ಕೆಂದ ಹಸು ಹೆಣ್ಣು ಕರು ಹಾಕಿದೆ.

ನೀವು ಹೋದ ತಿಂಗಳು ಬರೆದ ಆ ಕಾಗದವನ್ನು ನಾನು ಕೊಟ್ಟಿಗೆಯಲ್ಲಿ ನಿಂತು ಓದಿದೆ. ಎಡಗಾಲಿನ ಮೂರು ಬೆರಳು ತೆಗೆದಿದ್ದಾರೆ, ಅಪ್ಪ ಅಮ್ಮನಿಗೆ ಹೇಳಬೇಡ ಎಂದಿರಿ. ಹೇಳಲಿಲ್ಲ. ಚಳಿಗೆ ಕಾಲು ಕೆಟ್ಟಿದೆ, ವಾಸಿಯಾಗುತ್ತಿದೆ ಎಂದಷ್ಟೇ ಹೇಳಿದೆ. ಅದರ ಕೆಳಗೆ ನೀವು ಬರೆದಿದ್ದ ಮಾತನ್ನಂತೂ ಯಾರಿಗೂ ಹೇಳದೆ ಇಟ್ಟುಕೊಂಡೆ. ‘ಬೆನ್ನು ತೋರಿಸಿ ಬೆಟ್ಟ ಇಳಿದು ಬಂದವನಿಗೆ ಹಾರ ಬೇಡ. ನಾನು ಊರಿಗೆ ಬರುವುದಿಲ್ಲ. ರಜೆ ಬೇಡವೆಂದು ಬರೆದುಕೊಟ್ಟು, ಮಾರ್ಚ್ ಹದಿನಾರನೇ ತಾರೀಕು ರೈಲು ಹತ್ತಿ ನೇರ ಬೆಂಗಳೂರಿನ ಮಿಲ್ಟ್ರಿ ಡಿಪೋಗೆ ಹೋಗುತ್ತೇನೆ’ ಎಂದು ಬರೆದಿರಿ. ಇತ್ತ ಇಲ್ಲಿ ನೋಡಿದರೆ ಚೇರ್ಮನ್ ಪರ್ವತಯ್ಯನವರು ಬಸ್ಸು ನಿಲ್ಲುವ ಕಡೆಯಿಂದ ಸ್ಕೂಲಿನವರೆಗೆ ಮೆರವಣಿಗೆ ಎಂದು ಗೊತ್ತು ಮಾಡಿ, ತಮಟೆಯವರಿಗೆ ಹೇಳಿ, ಮಕ್ಕಳ ಕೈಗೆ ಬಾವುಟ ಹಂಚುವುದಕ್ಕೂ ಏರ್ಪಾಡು ಮಾಡಿದ್ದರು. ದಿನಾ ನಮ್ಮ ಜಗಲಿಗೆ ಬಂದು, ‘ಏನಮ್ಮೀ, ಚೀನಾದೋರ್ನ ಎಷ್ಟು ಜನನ್ನ ಹೊಡೆದವ್ನಂತೆ? ಭಾಷಣದಲ್ಲಿ ಹೇಳ್ಬೇಕು, ಸರಿಯಾಗಿ ಕೇಳಿ ಬರ್ಸು’ ಎನ್ನುವರು. ನಾನು ಹೂಂ ಎಂದು ಒಳಗೆ ಹೋಗುವೆ. ಊರಿನವರ ಕಾಗದವನ್ನೆಲ್ಲ ಬರೆದುಕೊಡುವವಳು ನಾನು, ನಿಮಗೆ ಏನು ಬರೆಯಬೇಕೆಂದು ಮಾತ್ರ ತೋಚಲಿಲ್ಲ. ಅದಕ್ಕೇ ಇಷ್ಟು ದಿನ ತಡವಾಯಿತು. ಕೋಪ ಮಾಡಿಕೊಂಡೆನೆಂದು ತಿಳಿಯಬೇಡಿ.

ಹೀಗಿರುವಾಗ ಹೋದ ಮಂಗಳವಾರ ಮಧ್ಯಾಹ್ನದ ಬಸ್ಸಿನಲ್ಲಿ ಒಬ್ಬ ಸಾಬರು ಬಂದಿಳಿದರು. ಬಸ್ಸಿನ ಮೇಲಿಂದ ದೊಡ್ಡದೊಂದು ಹಾಸಿಗೆಯ ಸುರುಳಿ ಇಳಿಸಿಕೊಂಡು, ಅದನ್ನು ಹೆಗಲ ಮೇಲೆ ಹೊತ್ತು, ಬೀದಿಯಲ್ಲಿ ‘ಮಿಲ್ಟ್ರಿ ಕಾಟಪ್ಪನ ಮನೆ ಯಾವ್ದು?’ ಎಂದು ಕೇಳಿಕೊಂಡು ಬಂದರು. (ನಿಮ್ಮ ಹೆಸರನ್ನು ಬಾಯಲ್ಲಿ ಹೇಳಬಾರದು, ಬರೆದರೆ ದೋಷವಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೇನೆ.) ಹಾಸಿಗೆ ಮಾರುವವರೆಂದು ತಿಳಿದು ಅತ್ತೆ, ‘ನಮಗೆ ಬ್ಯಾಡಪ್ಪ, ಚಾಪೆ ಐತೆ’ ಎಂದುಬಿಟ್ಟರು. ಅವರು ಸುರುಳಿಯನ್ನು ಜಗಲಿಯ ಮೇಲಿಟ್ಟು ಮಾವನ ಎರಡು ಕೈಯನ್ನೂ ಹಿಡಿದುಕೊಂಡರು. ಸಿರಾದ ಬಾಷಾ ಸಾಬ್, ಹತ್ತಿ ಹಿಂಜಿ ಹಾಸಿಗೆ ಹೊಲಿಯುವವರು. ಸೇನೆಯಲ್ಲಿ ನಿಮ್ಮ ಜೊತೆ ಇದ್ದ ಜಹೀರ್ ಅಹಮದ್ ಇವರ ಮಗನಂತೆ. ರಜೆಗೆ ಬಂದಿದ್ದವನು ಹೋದ ವಾರ ವಾಪಸು ಹೊರಡುವಾಗ, ‘ಅಬ್ಬಾ, ನಾಗಲಮಡಿಕೆಗೆ ಹೋಗಿ ಬಾ’ ಎಂದು ಮಾತು ತೆಗೆದುಕೊಂಡು ಹೋದನಂತೆ.

ಅವರು ಹೇಳಿದ್ದನ್ನು ಅವರು ಹೇಳಿದ ಹಾಗೆಯೇ ಬರೆಯುತ್ತೇನೆ. ನೀವು ನನಗೆ ಹೇಳದೆ ಬಿಟ್ಟದ್ದು ಅದು. ‘ವಾಪಸು ಬನ್ನಿ ಅಂತ ಮೇಲಿಂದ ಹುಕುಂ ಬಂತಂತೆ. ಬರೋವಾಗ ಹಳ್ಳ ದಾಟ್ಬೇಕಾದ್ರೆ ನನ್ ಮಗನ ಎಡಗಾಲಿನ ಬೂಟು ನೀರಲ್ಲಿ ಹೊಂಟೋಯ್ತು. ಸುತ್ತ ಮಂಜು. ನಿಮ್ ಮಗ ತನ್ನ ಎಡಗಾಲಿನ ಬೂಟು ಬಿಚ್ಚಿ, ತಗೋ, ಸರದಿ ಮೇಲೆ ಹಾಕ್ಕೊಂಡು ನಡೆಯೋಣ ಅಂದ್ನಂತೆ. ಮೊದಲನೇ ದಿನ ಹಂಗೇ ನಡೆದ್ರು. ಆಮೇಲೆ ನನ್ ಮಗಂಗೆ ಜ್ವರ ಬಂತು. ಅವ್ನಿಗೆ ಹೊತ್ತು ಗೊತ್ತಾಗ್ತಿರ್ಲಿಲ್ಲ. ಬೂಟು ಬಿಚ್ಚೋಕೆ ಹೋದಾಗೆಲ್ಲ ನಿಮ್ ಮಗ, ನಿನ್ ಸರದಿ ಇನ್ನೂ ಮುಗಿದಿಲ್ಲ ಕಣ್ಲಾ, ನನ್ ಕಾಲು ಬೆಚ್ಚಗೈತೆ ನಡಿ ಅಂತಿದ್ನಂತೆ. ಕೆಳಗೆ ಬಂದು ನಿಮ್ ಮಗನ ಕಾಲಿಗೆ ಸುತ್ತಿದ್ದ ಪಟ್ಟಿ ಬಿಚ್ಚಿದ ಮೇಲೇನೇ ನನ್ ಮಗಂಗೆ ತಿಳಿದದ್ದು, ತನ್ ಸರದಿ ಎಂದೋ ಮುಗಿದಿತ್ತು ಅಂತ.’ ಇಷ್ಟು ಹೇಳಿ ಬಾಷಾ ಸಾಬರು ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು. ‘ನನ್ ಹುಡ್ಗ ಎರಡು ಕಾಲಲ್ಲೂ ಓಡಾಡ್ತವ್ನೆ. ನನಗೆ ಬೇರೆ ಕಸುಬು ಬರಲ್ಲ. ಹಾಸಿಗೆ ಒಂದು ಹೊಲ್ಕೊಂಡು ಬಂದಿವ್ನಿ’ ಎಂದರು.

ನಾನು ಬಾಗಿಲ ಹಿಂದೆ ನಿಂತಿದ್ದೆ. ನನಗೆ ಅಳು ಬರಲಿಲ್ಲ. ನಿಮ್ಮ ಮೇಲೆ ಆಣೆ, ನನಗೆ ಎದೆ ಎಷ್ಟು ಉಬ್ಬಿತೆಂದರೆ ಬಾಗಿಲು ಹಿಡಿದುಕೊಳ್ಳಬೇಕಾಯಿತು. ಮಾವ ನನ್ನ ಕಡೆ ತಿರುಗದೆಯೇ, ‘ಎಷ್ಟು ಬೆರಳಮ್ಮಾ ಹೋಗಿರೋದು?’ ಎಂದು ಕೇಳಿದರು. ಮೂರು ಎಂದೆ. ‘ನಿಂಗೆ ಗೊತ್ತಿತ್ತಾ?’ ಗೊತ್ತಿತ್ತು ಮಾವ, ಹೇಳಬೇಡ ಎಂದಿದ್ದರು ಎಂದೆ. ಬೈಯಲಿಲ್ಲ. ಅತ್ತೆ ಕಾಲು ಚಾಚಿ ಕೂತು ತಮ್ಮ ಕಾಲಿನ ಬೆರಳುಗಳನ್ನೇ ನೋಡುತ್ತಿದ್ದರು. ದುಃಖ ಬಂದರೆ ಅವರ ಬಾಯಿಗೆ ತೆಲುಗೇ ಬರುವುದು ನಿಮಗೆ ಗೊತ್ತಲ್ಲ. ‘ನಾ ಕೊಡುಕು, ನಾ ಬಂಗಾರು ಕೊಡುಕು’ ಎಂದು ತಮ್ಮ ಬಂಗಾರದಂಥ ಮಗನನ್ನು ನೆನೆದು ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ಅದೇ ಹೊತ್ತಿನಲ್ಲಿ ನಾನು ಉಳಿದದ್ದನ್ನೂ ಹೇಳಿಬಿಟ್ಟೆ. ಊರಿಗೆ ಬರುವುದಿಲ್ಲವಂತೆ, ಮೆರವಣಿಗೆಗೆ ಹೆದರಿದ್ದಾರೆ, ಸೋತು ಬಂದವನು ಎಂದುಕೊಂಡಿದ್ದಾರೆ ಎಂದೆ. ಅತ್ತೆ ಎದ್ದು ನಿಂತರು. ‘ಸೋತವ್ನಾ? ಯಾರ್ ಅಂದದ್ದು? ಅವ್ನೇ ಅಂದ್ನಾ? ಬರ್ಲಿ ತಾಳು ಅವ್ನು!’

ಆಗ ಬಾಷಾ ಸಾಬರು ಒಂದು ದಾರಿ ಹೇಳಿದರು. ಊರಿನ ಎದುರು ಒಮ್ಮೆಲೇ ಬಂದು ನಿಲ್ಲುವುದು ಅವನಿಗೆ ಕಷ್ಟವಾಗಿದ್ದರೆ, ದಾರಿಯಲ್ಲಿ ಎಲ್ಲಾದರೂ ಎರಡು ದಿನ ಇದ್ದು ಸುಧಾರಿಸಿಕೊಳ್ಳಲಿ. ಮಧುಗಿರಿಯಲ್ಲಿ ಅವರ ತಂಗಿ ರಹಮತ್ ಬಿ ಬಳೆ ಅಂಗಡಿ ಇಟ್ಟಿದ್ದಾರೆ, ಮನೆಯ ಮಹಡಿ ಕೋಣೆ ಖಾಲಿ ಇದೆ. ‘ನಿಮ್ ಸೊಸೇನೂ ಕಳ್ಸಿ, ಇಬ್ರೇ ಇರ್ಲಿ. ಯಾರೂ ಏನೂ ಕೇಳಲ್ಲ’ ಎಂದರು. ಅತ್ತೆಗೆ ಇದು ಹಿಡಿಸಲಿಲ್ಲ. ‘ಹೆತ್ತೋಳು ಇಲ್ಲಿ ದಾರಿ ಕಾಯ್ತಾ ಕೂತಿರ್ಬೇಕು, ನೀನು ದಾರೀಲೇ ಗಂಡನ್ನ ತಡ್ಕಂತೀಯೇನಮ್ಮೀ? ಅದೂ ಯಾರದೋ ಮನೇಲಿ?’ ಎಂದರು. ನಾನು ತಲೆ ತಗ್ಗಿಸಿದೆ. ಮಾವ ಹೇಳಿದ್ದು ಒಂದೇ ಮಾತು: ‘ಯಾರದೋ ಮನೆ ಅನ್ಬ್ಯಾಡ. ಒಂದೇ ಬೂಟಿಗೆ ಇಬ್ರೂ ಕಾಲು ಹಾಕವ್ರೆ.’

ಮಾವ ನನ್ನನ್ನು ಕರೆದುಕೊಂಡು ಬಾಷಾ ಸಾಬರ ಜೊತೆಯಲ್ಲೇ ಮಾರನೆಯ ದಿನ ಮಧುಗಿರಿಗೆ ಹೋಗಿ ಮನೆ ನೋಡಿ ಬಂದರು. ಹಾಸಿಗೆಯೂ ನಮ್ಮ ಜೊತೆ ಬಸ್ಸಿನಲ್ಲಿ ಪಾವಗಡದ ಮೇಲೆ ವಾಪಸು ಪ್ರಯಾಣ ಮಾಡಿತು, ಕಂಡಕ್ಟರ್ ನಗಾಡುತ್ತಿದ್ದ. ಕೋಣೆ ಸಣ್ಣದು, ಸುಣ್ಣ ಹೊಡೆಸಿದ್ದಾರೆ. ಕಿಟಕಿ ತೆಗೆದರೆ ಬೆಟ್ಟ. ಕಿಟಕಿಯ ತುಂಬ ಬಂಡೆಯೇ, ಆಕಾಶ ನೋಡಬೇಕಾದರೆ ಬಗ್ಗಿ ಕತ್ತೆತ್ತಬೇಕು. ಅಷ್ಟು ದೊಡ್ಡ ಬೆಟ್ಟ ಎದುರಿಗಿದ್ದರೂ ನಾವು ಹತ್ತುವುದಿಲ್ಲ. ನೀವು ಬೆಟ್ಟ ಹತ್ತಿದ್ದು ಇಳಿದದ್ದು ಸಾಕು. ಮೆಟ್ಟಿಲು ಅಗಲವಾಗಿವೆ, ಪಕ್ಕದಲ್ಲಿ ಹಿಡಿದುಕೊಳ್ಳಲು ಕಟಕಟೆ ಇದೆ, ನಾನೇ ಎಡಗಾಲು ಎತ್ತಿಕೊಂಡು ಹತ್ತಿ ಇಳಿದು ನೋಡಿದೆ. ರಹಮತ್ ಬಿ ಕೆಳಗೆ ನಿಂತು, ‘ಏನ್ ಬೇಟಿ, ಕುಂಟಾಟ ಆಡ್ತೀಯಾ?’ ಎಂದು ಕೇಳಿ, ಆಮೇಲೆ ಅರ್ಥವಾಗಿ, ನನ್ನ ಕೈಗೆ ಒಂದು ಡಜನ್ ಹಸಿರು ಬಳೆ ತೊಡಿಸಿ ಕಳಿಸಿದರು.

ನಾನು ಗೊತ್ತು ಮಾಡಿರುವುದು ಹೀಗೆ. ರಜೆ ಬೇಡವೆಂದು ಬರೆದುಕೊಡಬೇಡಿ, ತುಮಕೂರಿನಲ್ಲೇ ರೈಲು ಇಳಿದುಬಿಡಿ, ನಾನು ಅಲ್ಲಿಗೆ ಬರುತ್ತೇನೆ. ಅಲ್ಲಿಂದ ಬಸ್ಸು ಕೊರಟಗೆರೆಯ ಮೇಲೆ ಬರುತ್ತದೆ. ಅಲ್ಲಿ ನಿಮ್ಮ ಚಿಕ್ಕಮ್ಮನ ಮನೆಗೆ ನಾವು ಇಳಿಯುವುದಿಲ್ಲ. ಇಳಿದರೆ ಅವರ ಮನೆ, ಅವರ ಬೀಗರ ಮನೆ, ಎದುರು ಮನೆ ಎಂದು ಎರಡು ದಿನವೂ ಅಲ್ಲೇ ಮುಗಿಯುತ್ತದೆ. ಬಸ್ಸು ನಿಂತಾಗ ನೀವು ಟೋಪಿ ಮುಖದ ಮೇಲೆ ಎಳೆದುಕೊಂಡು ನಿದ್ದೆ ಮಾಡಿ. ಮಧುಗಿರಿಯಲ್ಲಿ ಬೆಳಗ್ಗೆ ನಮ್ಮನ್ನು ಯಾರೂ ಎಬ್ಬಿಸುವುದಿಲ್ಲ. ಹೋಟೆಲಿನಿಂದ ದೋಸೆ ಎಲೆಯಲ್ಲಿ ಕಟ್ಟಿಸಿಕೊಂಡು ಬರುವುದು ನನ್ನ ಕೆಲಸ. ಮಧ್ಯಾಹ್ನ ರಹಮತ್ ಬಿ ಅಡಿಗೆ ಮಾಡುತ್ತಾರೆ, ಅವರನ್ನು ತಡೆಯುವುದು ನನ್ನಿಂದಾಗಲಿಲ್ಲ. ಬಿಸಿಲು ಇಳಿದ ಮೇಲೆ ಕೋಟೆ ಬಾಗಿಲವರೆಗೆ ನಡೆಯೋಣ. ನೀವು ಎಷ್ಟು ಮೆಲ್ಲಗೆ ನಡೆದರೆ ಅಷ್ಟೇ ಮೆಲ್ಲಗೆ ನಾನೂ ನಡೆಯುತ್ತೇನೆ. ಅಲ್ಲಿ ನಮ್ಮನ್ನು ಬಲ್ಲವರಿಲ್ಲ, ಗಂಡ ಹೆಂಡತಿ ಜೊತೆಯಾಗಿ ಹೋಗುತ್ತಿದ್ದಾರೆ ಎಂದುಕೊಳ್ಳುತ್ತಾರೆ, ಅಷ್ಟೇ. ಟೆಂಟಿನಲ್ಲಿ ಸಿನಿಮಾ ಇದೆ, ಮನಸ್ಸಿದ್ದರೆ ನೋಡೋಣ, ಇಲ್ಲದಿದ್ದರೆ ಕಿಟಕಿಯಲ್ಲಿ ಕೂತು ಬಂಡೆಯನ್ನೇ ನೋಡೋಣ. ನೀವು ಮಾತಾಡಬೇಕೆಂದಿಲ್ಲ. ಮದುವೆಯಾದ ಮೇಲೆ ರಾಗಿ ಮೂಟೆಗಳ ಪಕ್ಕದಲ್ಲಿ, ಅತ್ತೆ ಕೆಮ್ಮಿದರೆ ಉಸಿರು ಬಿಗಿ ಹಿಡಿದು ಮಲಗಿದವರು ನಾವು. ಬಾಗಿಲು ಹಾಕಿಕೊಳ್ಳುವ ಕೋಣೆಯೊಂದರಲ್ಲಿ ಎರಡು ದಿನ ಸುಮ್ಮನೆ ಇರುವುದು ಹೇಗಿರುತ್ತದೆಂದು ನೋಡುವ ಆಸೆ ನನಗೂ ಇದೆ. ಇದನ್ನು ಓದಿ ನಗಬೇಡಿ.

ಪರ್ವತಯ್ಯನವರ ಬಳಿಗೆ ಮಾವನೇ ಹೋಗಿದ್ದರು. ‘ಊರಿಗೇ ಹೆಸರು ತಂದವ್ನೆ ಕಣಯ್ಯಾ, ಮೆರವಣಿಗೆ ಇಲ್ದೆ ಹೆಂಗೆ?’ ಎಂದರಂತೆ ಅವರು. ಮಾವ ಬೂಟಿನ ಸಂಗತಿಯನ್ನೆಲ್ಲ ಹೇಳಿ, ‘ಹೆಸರು ತಂದಿರೋದು ದಿಟ. ಆದ್ರೆ ಅವ್ನು ಕುಂಟೋದ್ನ ಊರು ನಿಂತ್ಕೊಂಡು ನೋಡೋದು ಬ್ಯಾಡ. ಮನೆಗೆ ಬನ್ನಿ, ಕಾಫಿ ಕುಡಿದು ಮಾತಾಡ್ಸಿ’ ಎಂದರಂತೆ. ಪರ್ವತಯ್ಯನವರು ಮೀಸೆ ತಿರುವಿ, ಭಾಷಣವನ್ನು ಆಗಸ್ಟ್ ಹದಿನೈದಕ್ಕೆ ಇಟ್ಟುಕೊಳ್ಳುತ್ತೇನೆ, ಎಷ್ಟು ಜನರನ್ನು ಹೊಡೆದ ಎಂಬ ಮಾತು ಇನ್ನು ಕೇಳುವುದಿಲ್ಲ ಎಂದು ಒಪ್ಪಿದರು. ತಮಟೆ ಇರುವುದಿಲ್ಲ. ಬಸ್ಸಿನ ಹತ್ತಿರ ನಮ್ಮ ಗಾಡಿ ಮಾತ್ರ ಬಂದಿರುತ್ತದೆ. ಆದರೆ ಸಂಗತಿ ಊರಿಗೆಲ್ಲ ಹರಡಿಹೋಗಿದೆ, ಅದನ್ನು ತಡೆಯಲು ನನ್ನಿಂದಾಗದು, ನಿಜ ಹೇಳಬೇಕೆಂದರೆ ನಾನು ತಡೆಯಲೂ ಇಲ್ಲ. ಚಿಲುಮೆಯ ಹತ್ತಿರ ಹೆಂಗಸರು ನನಗೆ ಮೊದಲು ನೀರು ಬಿಡುತ್ತಿದ್ದಾರೆ. ನಾನು ತಲೆಯೆತ್ತಿಕೊಂಡು ಬಿಂದಿಗೆ ಹೊತ್ತು ಬರುತ್ತೇನೆ.

ಅತ್ತೆಯ ಸಿಟ್ಟು ಇಳಿಯಿತೋ ಎಂದು ಕೇಳುತ್ತೀರಿ. ನಿನ್ನೆ ತಂಬಿಟ್ಟಿಗೆ ಅಕ್ಕಿ ಹುರಿಯುತ್ತಾ ಕೂತವರು ಇದ್ದಕ್ಕಿದ್ದ ಹಾಗೆ, ‘ಎರಡು ದಿನ ಸಾಕಾಗ್ತದಾ? ಬೇಕಾದ್ರೆ ಮೂರು ದಿನ ಇರ್ರಿ. ಅವ್ನ ಕಾಲು ನೋಡ್ದೆ ಮುಖ ನೋಡು, ತಿಳೀತಾ?’ ಎಂದರು. ತಿಳಿಯಿತು ಎಂದೆ.

ಒಂದು ಮಾತು ಕೊಡುತ್ತೇನೆ. ಎರಡು ದಿನ ಕಳೆದ ಮೇಲೆ ಬೆಳಗ್ಗೆ ಮಧುಗಿರಿಯ ಬಸ್‌ಸ್ಟ್ಯಾಂಡಿನಲ್ಲಿ ಪಾವಗಡದ ಬಸ್ಸೂ ನಿಂತಿರುತ್ತದೆ, ತುಮಕೂರಿನ ಬಸ್ಸೂ ನಿಂತಿರುತ್ತದೆ. ಆಗಲೂ ನಿಮಗೆ ಊರಿಗೆ ಬರಲು ಮನಸ್ಸಾಗದಿದ್ದರೆ ತುಮಕೂರಿನ ಬಸ್ಸು ಹತ್ತಿ ನಿಮ್ಮ ಡಿಪೋಗೆ ಹೋಗಿ. ನಾನು ಅಳುವುದಿಲ್ಲ, ಅತ್ತೆ ಮಾವನಿಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಸೋತವನು ಎಂಬ ಮಾತನ್ನು ಮಾತ್ರ ಇನ್ನೊಂದು ಸಲ ನನಗೆ ಬರೆಯಬೇಡಿ. ಸೇನೆಯ ಸೋಲು ಗೆಲುವು ನನಗೆ ತಿಳಿಯದು. ನಾನು ಯಾರ ಹೆಂಡತಿ ಎಂಬುದು ನನಗೆ ತಿಳಿದಿದೆ.

ಮಾವ ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ನಿಮ್ಮ ಪಕ್ಕದ ಮಂಚದ ಧಾರವಾಡದವರಿಗೆ ನನ್ನ ನಮಸ್ಕಾರ ಹೇಳಿ. ಹೊಟ್ಟೆ ತುಂಬ ಊಟ ಮಾಡಿ, ಚಪಾತಿ ಗಟ್ಟಿಯಾದರೂ ಸರಿ.

ನಿಮ್ಮ ದಾರಿ ನೋಡುತ್ತಿರುವ,
ಓಬಕ್ಕ

ಅಡಿಬರಹ: ಸೋಮವಾರ. ಅಂಚೆಯ ಚೀಲ ಕಟ್ಟುತ್ತಿದ್ದಾರೆ, ಬೇಗ ಬರೆಯುತ್ತೇನೆ. ನಿಮ್ಮ ರೈಲು ತುಮಕೂರಿಗೆ ಹದಿನೇಳನೇ ತಾರೀಕು ಬರುತ್ತದೆಂದೂ, ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲವೆಂದೂ ಪೋಸ್ಟ್ ಮಾಸ್ಟರು ಹೇಳಿದರು. ನಾನು ಹಿಂದಿನ ದಿನವೇ ಬಂದಿರುತ್ತೇನೆ. ಎಲ್ಲ ಡಬ್ಬಿಗಳಲ್ಲೂ ಇಣುಕಿ ನೋಡುತ್ತೇನೆ. ನೀವು ಇಳಿಯದಿದ್ದರೆ ನಾನು ಹತ್ತುತ್ತೇನೆ. ಬೆಂಗಳೂರಿನವರೆಗೆ ಟಿಕೆಟ್ ತೆಗೆದಿಟ್ಟುಕೊಂಡಿರುತ್ತೇನೆ. ಮಾವನನ್ನು ಕೇಳಿದೆ. ‘ಹತ್ತು’ ಎಂದರು.