ಚುಕ್ಕೆ ನಿಂತ ಜಾಗ

ತಮ್ಮಾ,

ಅಪ್ಪ ಬಂದಿಲ್ಲ. ಬಂದಿದ್ದು ಅವರ ಕುದುರೆ ಕೆಂಪಿ ಒಬ್ಬಳೇ, ಜೀನು ಒಂದು ಕಡೆ ವಾಲಿತ್ತು. "ಚುಕ್ಕೆ ಮನೆ ಕಡೆ ತಿರುಗಿತು, ಅಪ್ಪ ಬರ್ತಿದ್ದಾರೆ" ಅಂತ ಫೋನಿನ ಮ್ಯಾಪ್ ನೋಡಿ ಹೇಳಿ ಪೇಟೆಗೆ ಹೋದೆಯಲ್ಲ, ಅಪ್ಪನ ಫೋನು ಜೀನಿನ ಚೀಲದಲ್ಲಿತ್ತು ಮಹಾರಾಯ! ಜೇಬಲ್ಲಿಟ್ಕೊಳ್ಳಿ ಅಂತ ಎಷ್ಟು ಬಡ್ಕೊಂಡಿದ್ದೆ. ಸವಾರಿಗೆ ಹೊಸ ದಾರಿ ಹುಡುಕೋಕೆ ಹೊರಟರೆ ಅವರಿಗೆ ಮೈಮೇಲೆ ಜ್ಞಾನ ಇರಲ್ಲ. ನೀನೂ ಅವರ ಮಗನೇ, ನಿನಗೆ ಫೋನ್ ಮಾಡಿದರೆ ಅಡುಗೆಮನೇಲಿ ಹೊಡ್ಕೊಳ್ತಿದೆ.

ನಾನು ಬಿಳಿ ಕುದುರೆ ಹತ್ತಿ ಹಳ್ಳದ ತಿರುವಿಗೆ ಹೊರಟೆ. ಡಾಕ್ಟರಿಗೆ ಹೇಳಿದ್ದೀನಿ. ಅವರ ಜೀಪು ಸೇತುವೆವರೆಗೆ ಮಾತ್ರ ಬರುತ್ತೆ, ಅಲ್ಲಿಂದ ನೀನೇ ಕರ್ಕೊಂಡು ಬಾ. ಅಪ್ಪ ಗುರುತಿಗೆ ಅಂತ ಮರಗಳಿಗೆ ಕಟ್ಟಿರೋ ಕೆಂಪು ಬಟ್ಟೆ ನೋಡ್ಕೊಂಡು ನಡಿ. ಒಳದಾರಿ ಗೊತ್ತು ಅಂತ ಜಂಬ ಕೊಚ್ಕೊಂಡು ಅವರನ್ನ ಸುತ್ತಿಸಬೇಡ. ಎರಡು ಕಂಬಳಿ ತಾ. ಅಮ್ಮ ಕೇಳಿದರೆ ನಿಜಾನೇ ಹೇಳು, ಮುಚ್ಚಿಟ್ಟರೂ ನಿನ್ನ ಮುಖ ಹೇಳಿಬಿಡುತ್ತೆ.

ಹೊರಡೋ ಮೊದಲು ಕೆಂಪಿಗೆ ನೀರು ಇಡು. ಅಪ್ಪನ್ನ ಬಿಟ್ಟು ಬಂದಳು ಅಂತ ಅವಳ ಮೇಲೆ ರೇಗಬೇಡ. ನಾನು ರೇಗಿಬಿಟ್ಟೆ. ಆಮೇಲೆ ಫೋನಲ್ಲಿ ಅವಳು ಬಂದ ಗೆರೆ ನೋಡಿದೆ. ಬೆಳಿಗ್ಗೆ ಹಳ್ಳದ ತಿರುವಲ್ಲಿ ಚುಕ್ಕೆ ಅಷ್ಟು ಹೊತ್ತು ಕದಲದೆ ನಿಂತಿತ್ತಲ್ಲ, ಅಪ್ಪ ಮರದ ಕೆಳಗೆ ಗೊರಕೆ ಹೊಡೀತಿದ್ದಾರೆ ಅಂತ ನಾವಿಬ್ಬರೂ ನಕ್ಕಿದ್ವಲ್ಲ, ಆಗ ಅವಳು ಅಪ್ಪ ಏಳಲಿ ಅಂತ ಪಕ್ಕದಲ್ಲೇ ಕಾಯ್ತಾ ನಿಂತಿದ್ದಳು ಕಣೋ.

ಅಕ್ಕ