ಬ್ರೇಕ್ ಲೈಟ್ ಹತ್ತಿರಲಿಲ್ಲ

ಅಖ್ತರ,

ಪಿಕಪ್ ಕೀಲಿ ನಾ ತಗೊಂಡು ಹೋಗೇನಿ, ಹುಡುಕಬ್ಯಾಡ. ನಿನ್ನೆ ಧುಪದಾಳ ರಸ್ತಾದಾಗ ಹಿಂದಿಂದ ಬೈಕ್ ಮ್ಯಾಲ ಬಂದು ನಿನ್ನ ಗಾಡಿಗೆ ಬಡಿದ ದುಂಡಪ್ಪ ಕಾಕಾಂದ ತಪ್ಪು ಅಂತ ಊರೆಲ್ಲಾ ಹೇಳ್ಕೊಂಡು ಬಂದಿ. ಮುಂಜಾನೆ ನಾನ ಗಾಡಿ ನೋಡಿದೆ. ಬಲ್ಬ್ ಚಲೋ ಅದಾವು, ಫ್ಯೂಸೂ ಚಲೋ ಐತಿ. ಬ್ರೇಕ್ ಪೆಡಲ್ ಮ್ಯಾಲಿನ ಸ್ವಿಚ್ ಬಿಚ್ಚಿ ಎರಡೂ ವೈರ್ ಕೂಡಿಸಿದೆ, ಹಿಂದಿನ ಕೆಂಪು ಲೈಟ್ ಝಗ್ಗನ ಹತ್ತಿದವು. ಕೆಟ್ಟಿದ್ದು ಸ್ವಿಚ್! ನೀ ಬ್ರೇಕ್ ಒತ್ತಿದ್ದು ಆ ಮನಶ್ಯಾಗ ಹೆಂಗ ಗೊತ್ತಾಗಬೇಕು? ಹೋದ ವಾರ ಹಿಂದಿನ ಲೈಟ್ ಹತ್ತವಲ್ವು, ಗ್ಯಾರೇಜಿನಾಗ ತೋರಿಸ್ಕೊಂಡು ಬಾ ಅಂದಾಗ "ನಿನಗೇನ ತಿಳಿತೈತಿ" ಅಂತ ನನ್ನ ಬಾಯಿ ಮುಚ್ಚಿಸಿದ್ದಿ.

ಕಾಕಾ ಕಾಲು ಮುರಕೊಂಡು ಗೋಕಾಕ ದವಾಖಾನಿದಾಗ ಮಲಗ್ಯಾರ. ಅಲ್ಲಿಗೇ ಹೊಂಟೇನಿ. ಪಲ್ಯ ಒಲಿ ಮ್ಯಾಲ ಐತಿ, ಉಂಡು ಬಸ್ಸಿಗೆ ಬಾ. ಅವರ ಮುಂದ ನಿಂತು ನಿನ್ನ ಬಾಯಿಲೇ ಖರೆ ಹೇಳು. ಬರಲಿಲ್ಲಂದ್ರ ನಾನ ಹೇಳ್ತೇನಿ, ಆಮ್ಯಾಲ ನನ್ನ ಅಕ್ಕಾ ಅನಬ್ಯಾಡ.

ಸೈಮಾ