ಹಿಂದೆ ನೋಡದ ಹುಲಿ

ಜನವರಿ ೧೨, ರವಿವಾರ. ಸಂಜೆ

ಗಂಟಲು ಕೆಟ್ಟಿದೆ. ಬಿಸಿನೀರು, ಉಪ್ಪು.

ಇವತ್ತು ಸಿಂದಗಿ. ತೊಗರಿ ರಾಶಿ ಮುಗಿದ ಹೊಲ. ಸುಣ್ಣದ ಗೆರೆ, ಎರಡೂ ಬದಿ ಗೂಟ, ಗೂಟಕ್ಕೊಂದು ಬಾವುಟ. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಆ ಡೊಂಕು ದಾರಿಯಲ್ಲಿ ಹಿಂದಕ್ಕೆ ಒಯ್ಯಬೇಕು. ಗೂಟ ಬಿದ್ದರೆ ಔಟ್; ಬೀಳಿಸದೆ ಬೇಗ ಮುಗಿಸಿದವನು ಗೆದ್ದ. ಕನ್ನಡಿಗಳನ್ನು ಮೊದಲೇ ಬಿಚ್ಚಿಸಿರುತ್ತಾರೆ. ಜಗತ್ತೆಲ್ಲ ಮುಂದೆ ಹೋಗಲು ಒದ್ದಾಡುತ್ತದೆ. ನಮ್ಮಲ್ಲಿ ಹಿಂದಕ್ಕೆ ಹೋದವನಿಗೆ ಬೆಳ್ಳಿ ಕಡಗ, ಗುಲಾಲು, ಹಲಗೆ ಮೇಳ. ಈ ಘನಕಾರ್ಯಕ್ಕೆ ಕಾಮೆಂಟ್ರಿ ಹೇಳುವವನು ನಾನು — ಆರು ದಿನ ಇಂಗಳೇಶ್ವರದಲ್ಲಿ ಕನ್ನಡ ಮಾಸ್ತರ, ಏಳನೇ ದಿನ ಮೈಕಿನ ಆಳು.

ಗೆದ್ದವನು ಖಂಡೆಪ್ಪ. ಮತ್ತೆ. ಆಲಮೇಲದ ಕಬ್ಬಿನ ಲೋಡಿನ ಡ್ರೈವರ್. ಹತ್ತು ವರ್ಷದಿಂದ ಅವನೇ ಚಾಂಪಿಯನ್, ಹತ್ತು ವರ್ಷದಿಂದ ಮೈಕಿನಲ್ಲಿ ನಾನೇ. ಸತ್ಕಾರದಲ್ಲಿ ನನ್ನ ಕೈಯಿಂದ ಮೈಕ್ ಕಸಿದುಕೊಂಡ. ಬಸವಣ್ಣನಿಗೆ ನಮಸ್ಕಾರ. ಅವ್ವನಿಗೆ. ಪಂಚರ್ ತೆಗೆಯುವ ಬಂದಗಿಸಾಬನಿಗೆ. ಡೀಸೆಲ್ ಬಂಕಿಗೆ. ಬಂಕಿಗೂ! ಬಿಸಿಲಲ್ಲಿ ನಿಂತು ಮೂರು ತಾಸು ಒದರಿದ ನನಗೆ? ಮೈಕ್ ಇನ್ನೂ ಚಾಲೂ ಇರುವಾಗಲೇ —

"ತಗೋರಿ ಬಾಯಿಬಡಕ ಮಾಸ್ತರ್ರ, ನಿಮ್ಮ ತುತ್ತೂರಿ!"

ಹೊಲಕ್ಕೆ ಹೊಲವೇ ನಕ್ಕಿತು. ನಾನೂ ಹಲ್ಲು ಕಿಸಿದೆ. ಅದೇ ಹೆಚ್ಚು ಉರಿಯುತ್ತಿದೆ.

ಜನವರಿ ೧೪

ಸಂಕ್ರಾಂತಿ. ಸಜ್ಜೆ ರೊಟ್ಟಿ, ಎಣ್ಣೆಗಾಯಿ ಪಲ್ಯ. ಸುನಂದಾ ಬಡಿಸುತ್ತಾ ಕೇಳಿದಳು, "ಮನ್ಯಾಗ ಅಷ್ಟು ಬೈತೀರಿ. ಅಲ್ಲಿ ಹೋಗಿ ಹುಲಿ ಹುಲಿ ಅಂತ ಒದರ್ತೀರಿ. ಯಾಕ್ರಿ?"

ಹೆಂಡತಿಯರಿಗೆ ಇಂಥ ಪ್ರಶ್ನೆ ಯಾರು ಕಲಿಸುತ್ತಾರೋ.

ಮೂರು ವರ್ಷದ ಹಿಂದಿನ ಮಾತು. ಉಳಿದ ಡ್ರೈವರುಗಳೆಲ್ಲ ಗೂಬೆಯ ಹಾಗೆ ಕುತ್ತಿಗೆ ಹೊರಳಿಸಿ ಹಿಂದೆ ನೋಡುತ್ತಿದ್ದರು. ಇವನು ಮಾತ್ರ ಮುಂದೆ ಮುಖ ಮಾಡಿ, ವೇದಿಕೆಯನ್ನೇ ನೋಡುತ್ತಾ ಹಿಂದಕ್ಕೆ ಹೋದ. ಬಾಯಿಗೆ ಬಂತು, ಅಂದುಬಿಟ್ಟೆ — ಹಿಂದೆ ನೋಡದ ಹುಲಿ! ಈಗ ಅದು ಅವನ ಬಂಪರಿನ ಮೇಲಿದೆ. ಅಂಗಿಯ ಬೆನ್ನ ಮೇಲಿದೆ. ಊರ ಹುಡುಗರ ಸ್ಟೇಟಸ್ಸಿನಲ್ಲಿದೆ. ಹೆಸರಿಟ್ಟ ಸೋದರತ್ತೆಗೆ ಒಂದು ಕುಬಸವಾದರೂ ಕೊಡುತ್ತಾರೆ. ನನಗೆ ತುತ್ತೂರಿ.

ಜನವರಿ ೧೯, ರವಿವಾರ

ಇಂಡಿ. ಖಂಡೆಪ್ಪ ಅರ್ಧ ದಾರಿಯಲ್ಲಿರುವಾಗ ಕರೆಂಟ್ ಹೋಯಿತು. ಮೈಕ್ ಸತ್ತಿತು. ಟ್ರ್ಯಾಕ್ಟರೂ ನಿಂತಿತು! ಕರೆಂಟಿನ ಮೇಲೆ ಓಡುವ ಟ್ರ್ಯಾಕ್ಟರ್ ಇವತ್ತೇ ನೋಡಿದ್ದು.

ಸೀಟಿನ ಮೇಲಿಂದಲೇ ಗುಡುಗಿದ, "ಮೊದ್ಲ ಮೈಕ್ ಚಾಲೂ ಮಾಡ್ರಿ! ಹೆಣಾ ಒಯ್ಯಾಕತ್ತೇನೇನ್ ನಾ ಇಲ್ಲಿ, ಸುಮ್ ಸುಮ್ನ?"

ಕಮಿಟಿಯವರು ಓಡಾಡಿ ಜನರೇಟರ್ ತಂದರು. ಚಾಂಪಿಯನ್ ಅಲ್ಲವೇ, ಮತ್ತೊಂದು ಚಾನ್ಸ್ ಬೇರೆ. ಅವನಿಗಿಂತ ಮೊದಲು ಮುದ್ದೇಬಿಹಾಳದ ಫಯಾಜ, ಮೊನ್ನೆ ಮೊನ್ನೆ ಮೀಸೆ ಬಂದವನು, ನಾನು ನೀರು ಕುಡಿಯಲು ಹೋದಾಗ ಪೂರ್ತಿ ಓಟ ಮುಗಿಸಿದ್ದ. ಯಾರ ಹೊಗಳಿಕೆಯೂ ಇಲ್ಲದೆ. ನಮ್ಮ ಹುಲಿಗೆ ಹೊಗಳಿಕೆ ಕಿವಿಗೆ ಬೀಳದಿದ್ದರೆ ಗೇರೇ ಬೀಳುವುದಿಲ್ಲ. ಕುಡುಕರು ವಾಸಿ.

ಜನವರಿ ೨೫, ಶನಿವಾರ

ಮುಂಜಾನೆ ಶಾಲೆ ಮುಗಿಸಿ ಸಿಂದಗಿಗೆ, ಅಕ್ಕನ ಮನೆಗೆ. ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಖಂಡೆಪ್ಪ, ನನಗೆ ಬೆನ್ನು ಮಾಡಿ ಚಹಾ ಕುಡಿಯುತ್ತಿದ್ದ. ಹೆಸರು ಹಿಡಿದು ಕೂಗಿದೆ.

ತಲೆ ತಿರುಗಲಿಲ್ಲ. ಬೆಂಚಿನಿಂದ ಎದ್ದ. ಕಪ್ಪು ಬಸಿ ಸಮೇತ, ಕಾಲಿನಿಂದ ಹಿಡಿದು ಇಡೀ ದೇಹವನ್ನು ನನ್ನ ಕಡೆ ತಿರುಗಿಸಿದ. ಈ ಬಿಸಿಲಲ್ಲಿ ಕೊರಳಿಗೆ ದಪ್ಪ ಟವೆಲ್ಲು. ನೋವಿನ ಎಣ್ಣೆಯ ನಾತ.

"ಏನ್ ಮಾಸ್ತರ್ರ, ತುತ್ತೂರಿ ಎಲ್ಲೈತಿ?"

ನಕ್ಕು ಬಂದೆ. ಬಸ್ಸಿನಲ್ಲಿ ಕೂತ ಮೇಲೆ ತಲೆಯಲ್ಲಿ ಏನೋ ಕಡಿಯತೊಡಗಿತು. ಎತ್ತರದ ವೇದಿಕೆಯಿಂದ ನನಗೆ ಟ್ರೇಲರಿನ ಎರಡೂ ಗಾಲಿ ಕಾಣುತ್ತವೆ. ನಾನು ಒದರುವುದಾದರೂ ಏನು? 'ಎಡಗಾಲಿಗೂ ಗೂಟಕ್ಕೂ ನಾಲ್ಕೇ ಬೆರಳು! ಬಲಕ್ಕೆ ಒಂದು ಗೇಣು ಜಾಗ! ಹೊರಳಿತು ನೋಡಿ ಹುಲಿ!' ಮೂರು ವರ್ಷದಿಂದ...

ಥೂ. ಹಿಂದೆ ನೋಡದ ಹುಲಿಯಂತೆ!

ಜನವರಿ ೨೬

ಧ್ವಜ, ಲಾಡು, ಭಾಷಣ. ಮಧ್ಯಾಹ್ನ ಮುದ್ದೇಬಿಹಾಳ.

ಪರೀಕ್ಷೆ ಮಾಡಿದೆ. ಒಂದು ಮಾರು ಜಾಗ ಇರುವಲ್ಲಿ ಕೂಗಿದೆ — "ಎಡಗಾಲಿ ತಾಗ್ತು, ತಾಗ್ತು!" ಟ್ರೇಲರ್ ಬಲಕ್ಕೆ ಸರಿಯಿತು. "ಬಲಗೂಟ ಬಂತು!" ಎಡಕ್ಕೆ ಸರಿಯಿತು. ಹೇಳಿದಂತೆ ತಲೆಯಾಡಿಸುವ ಕೌಲೆತ್ತಿನ ಹಾಗೆ. ಜನ ಅದನ್ನೂ ಸ್ಟೈಲು ಅಂದುಕೊಂಡು ಸೀಟಿ ಹೊಡೆದರು.

ಗೆದ್ದ. ನಾನು ಗೆಲ್ಲಿಸಿದೆ. ನೌಕರಿಯ ಆರ್ಡರ್ ಕೈಗೆ ಬಂದ ದಿನವೂ ಇಷ್ಟು ಸುಖವಾಗಿರಲಿಲ್ಲ.

ಸತ್ಕಾರದಲ್ಲಿ ಬಸವಣ್ಣ, ಅವ್ವ, ಬಂದಗಿಸಾಬ, ಬಂಕು. ಇರಲಿ.

ಫೆಬ್ರುವರಿ ೬

ಸುನಂದಾಳಿಗೆ ಹೇಳಿದೆ. ಹೇಳಬಾರದಿತ್ತು. ರೊಟ್ಟಿ ಬಡಿಯುವುದು ನಿಲ್ಲಿಸಿದಳು.

"ಕುತ್ತಿಗಿ ಹೋಗೈತಿ ಅಂತ ಗೊತ್ತಾದ್ರ ಯಾರ್ ಗಾಡಿ ಕೊಡ್ತಾರ್ರಿ ಅವಗ? ಕಬ್ಬಿನ ಸೀಜನ್ ಐತಿ. ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ."

"ನಾ ಯಾರಿಗೂ ಹೇಳಾಂಗಿಲ್ಲ. ಬಾಯಿ ಮುಚ್ಕೊಂಡ್ ಇರ್ತೇನಿ, ಅಷ್ಟ."

"ನೀವು ಬಾಯಿ ಮುಚ್ಚೂದಾ?" ಎಂದು ಮತ್ತೆ ರೊಟ್ಟಿಗೆ ಕೈ ಹಾಕಿದಳು.

ರವಿವಾರ ಮನಗೂಳಿ. ಮೊದಲ ಬಹುಮಾನ ಹೊಸ ಟ್ರ್ಯಾಕ್ಟರ್. ಅರ್ಧ ದಾರಿಯವರೆಗೆ ಹೊಗಳುತ್ತೇನೆ. ಆಮೇಲೆ ತುತ್ತೂರಿ ಬಂದ್. ಗೂಟ ಉರುಳಲಿ. ಮೈಕಿನವನು ಅಂದರೆ ಯಾರು ಅಂತ ಒಮ್ಮೆ ಗೊತ್ತಾಗಲಿ ಸೂಳೇಮಗನಿಗೆ.

ಫೆಬ್ರುವರಿ ೯, ರವಿವಾರ. ಸಂಜೆ

ಬರೆಯುತ್ತೇನೆ. ಆದಷ್ಟು.

ಜನ ಇರುವೆಯ ಹಾಗೆ. ಫಯಾಜನ ಓಟ ಮುಗಿದಿತ್ತು, ಚೆನ್ನಾಗಿಯೇ. ಖಂಡೆಪ್ಪ ಬಂದ. ಎಂದಿನಂತೆ ಶುರು ಮಾಡಿದೆ. ನಡುವಿನ ತಿರುವು ದಾಟಿದ. ಮೈಕ್ ಕೆಳಗಿಳಿಸಿದೆ.

ಟ್ರ್ಯಾಕ್ಟರ್ ನಿಂತಿತು. ಗೂಟ ಉರುಳಲಿಲ್ಲ. ಒಂದು ಇಂಚೂ ಹಿಂದಕ್ಕೆ ಹೋಗಲಿಲ್ಲ. ನನ್ನನ್ನೇ ನೋಡುತ್ತಾ ಕೂತ. ಮೀಸೆಯ ಮೇಲೆ ಬೆವರು. ನಾನು ಆ ಮುಖವನ್ನೇ ನೋಡುತ್ತಿದ್ದೆ, ಹೋಳಿಗೆ ತಿನ್ನುವವನ ಹಾಗೆ. ಗಡಿಯಾರ ಓಡುತ್ತಿತ್ತು. ಕಮಿಟಿಯ ಅಧ್ಯಕ್ಷ ಪಕ್ಕೆಗೆ ತಿವಿದ, "ಒದರ್ರಿ ಮಾಸ್ತರ್ರ!"

ಖಂಡೆಪ್ಪ ಎಂಜಿನ್ ಬಂದ್ ಮಾಡಿದ. ಎದ್ದು ನಿಂತು ಕೂಗಿದ —

"ಪರಮಾನಂದ ಸರ್ರ! ಹೇಳ್ರಿ! ನೀವು ಹೇಳದ ಹೊರತು ಆಗೂದಿಲ್ರಿ ನಂಗ!"

ನನ್ನ ಹೆಸರು ಅವನಿಗೆ ಗೊತ್ತಿತ್ತು. ಹತ್ತು ವರ್ಷ ಗೊತ್ತಿತ್ತು.

ಜನ ಹೋ ಎಂದರು. "ಹುಲಿಗೆ ಹೊಗಳಿಕಿ ಬೇಕಂತಪಾ!" "ಭಿಕ್ಷಾ ಹಾಕ್ರೀ ಮಾಸ್ತರ್ರ!" ನನ್ನೊಳಗಿನ ತಾತ್ಸಾರವೇ ಸಾವಿರ ಬಾಯಿಂದ ಹೊರಬಂತು. ಕೇಳಲು ಅಷ್ಟೇನೂ ಚೆನ್ನಾಗಿರಲಿಲ್ಲ. ಮೈಕ್ ಇಳಿಸಿದ ಮೇಲೆ ಆಗ ಮೊದಲ ಸಲ ಟ್ರೇಲರಿನ ಹಿಂದೆ ನೋಡಿದೆ.

ಜನರನ್ನು ತಡೆಯಲು ಕಟ್ಟಿದ್ದ ಹಗ್ಗ ಬಿದ್ದಿತ್ತು. ಮೊಬೈಲ್ ಹಿಡಿದ ಹತ್ತಿಪ್ಪತ್ತು ಜನ ಗೆರೆಯೊಳಗೆ ಬಂದು, ಗಾಲಿಗೆ ಒರಗಿ ನಿಂತಿದ್ದರು. ಕಂಕುಳಲ್ಲಿ ಕೂಸು ಇದ್ದ ಒಬ್ಬ ಹೆಣ್ಣುಮಗಳೂ. ಖಂಡೆಪ್ಪ ಹಟಕ್ಕೆ ಬಿದ್ದು ಒಂದು ಮೊಳ ಹಿಂದಕ್ಕೆ ಬಿಟ್ಟಿದ್ದರೆ... ಬಿಡಲಿಲ್ಲ. ಕಾಣದ ಕಡೆ ಗಾಲಿ ಬಿಡಲಿಲ್ಲ, ಅಷ್ಟೇ. ಹೊಸ ಟ್ರ್ಯಾಕ್ಟರು ಹೋಗಲಿ, ಹೆಸರು ಹೋಗಲಿ ಅಂತ ಎದ್ದು ನಿಂತ. ಎಲ್ಲ ಕಾಣುವ ನಾನು ಅವನ ಬೆವರು ನೋಡುತ್ತಿದ್ದೆ.

"ಸರೀರಿ, ಹಿಂದ ಸರೀರಿ!" ಎಂದು ಕೂಗಿದೆ. ಜನ ಚದುರಿದರು. ಆಮೇಲೆ ಗೂಟ ಗೂಟಕ್ಕೂ ಹೇಳಿ ಒಯ್ದೆ. ಹುಲಿ ಗಿಲಿ ಏನೂ ಅನ್ನಲಿಲ್ಲ. ಎಡಕ್ಕೆ, ಖಂಡೆಪ್ಪನವರೇ. ಸಾಕು. ಬಲಕ್ಕೆ ಸ್ವಲ್ಪ. ಒಂದೂ ಬೀಳಲಿಲ್ಲ. ವೇಳೆಯಲ್ಲಿ ಹಿಂದೆ ಬಿದ್ದಿದ್ದ. ಟ್ರ್ಯಾಕ್ಟರ್ ಫಯಾಜನ ಪಾಲಾಯಿತು.

ಖಂಡೆಪ್ಪನಿಗೆ ಎರಡನೇ ಬಹುಮಾನ, ಕಬ್ಬಿಣದ ತಿಜೋರಿ. ವೇದಿಕೆಗೆ ಬಂದ. ಜನ ಇನ್ನೂ ಕೂಗುತ್ತಿದ್ದರು. ನಾನು ಚಾಚಿದ ಮೈಕನ್ನು ಮುಟ್ಟಲಿಲ್ಲ. ಹತ್ತಿರ ಬಂದು, ಇಡೀ ದೇಹ ತಿರುಗಿಸಿ, ನನಗೊಬ್ಬನಿಗೇ ಕೇಳುವ ಹಾಗೆ —

"ಮಂದಿ ಬಂದಿದ್ರಲ್ರಿ ಹಿಂದ? ಅದಕ್ಕ ಸುಮ್ಮನಾದ್ರಿ, ಹೌದಲ್ರಿ?"

ನಾನು ಮಾತಾಡಲಿಲ್ಲ. ಬಾಯಿಬಡಕ ಮಾಸ್ತರ.

"ಚಲೋ ಮಾಡಿದ್ರಿ ಸರ್ರ," ಎಂದು ಎರಡೂ ಕೈಯಲ್ಲಿ ನನ್ನ ಕೈ ಹಿಡಿದ. "ಒಂದು ಜೀವಾ ಹೋಗಿದ್ರ ನಾ ಉಳೀತಿದ್ದಿಲ್ಲ. ನಿಮ್ಮ ಉಪಕಾರ ಸಾಯೂಮಟ ಮರಿಯಾಂಗಿಲ್ಲ."

ಹತ್ತು ವರ್ಷ ಕಾದದ್ದು ಈ ಮಾತಿಗೇ.

ಫೆಬ್ರುವರಿ ೧೦. ಮುಂಜಾನೆ

ಶಾಲೆಗೆ ರಜೆ. ಸುನಂದಾ ಬುತ್ತಿ ಕಟ್ಟಿದ್ದಾಳೆ. ಸಿಂದಗಿ ಬಸ್ಸು, ಅಲ್ಲಿಂದ ಆಲಮೇಲ. ಅವನೆದುರು ಕೂತು ಇದ್ದದ್ದನ್ನು ಇದ್ದಹಾಗೆ ಹೇಳಬೇಕು. ಬಸ್ಸಿನಲ್ಲಿ ಮಾತು ಮರೆಯಬಾರದು, ಇಲ್ಲೇ ಬರೆದುಕೊಳ್ಳುತ್ತೇನೆ —

ಖಂಡೆಪ್ಪನವರೇ, ನಾನು ನಿನ್ನೆ ಸುಮ್ಮನಾದದ್ದು